ಮಹಾನವಮಿಯ ವಿಮಾನದ ಚೀಟಿ

ಮಹಾನವಮಿಯ ದಿನ ಕಡಲೆಯ ಸುಂಡಲಿಗೆ ದೊಡ್ಡ ಹಿತ್ತಾಳೆ ತಟ್ಟೆಯೊಂದು ಬೇಕಾಯಿತು. ಅದು ಬೇಕಾಗದಿದ್ದರೆ ಮಧ್ವರಾಜರಾಯರು ಅಟ್ಟದ ಮೇಲಿನ ಟ್ರಂಕನ್ನು ಇಳಿಸುತ್ತಿರಲಿಲ್ಲ. ಟ್ರಂಕು ಇಳಿಯದಿದ್ದರೆ ತಟ್ಟೆಯ ಅಡಿಯಲ್ಲಿ ಅಜ್ಜನ ಕಾಲದಿಂದ ತಣ್ಣಗೆ ಮಲಗಿದ್ದ ಕವರು ಇನ್ನೂ ಅಷ್ಟೇ ಕಾಲ ತಣ್ಣಗೆ ಮಲಗಿರುತ್ತಿತ್ತು.

ರಾಯರದು ಚೆನ್ನೈನ ಕ್ರೋಂಪೇಟೆಯಲ್ಲಿ ಸ್ಟೇಷನ್ನಿಗೆ ಹತ್ತಿರದ ಫ್ಲಾಟು, ಕೆಳಗಿನ ಮನೆ. ಎಣ್ಣೂರಿನ ವಿದ್ಯುತ್ ಸ್ಥಾವರದ ಉಗ್ರಾಣದಲ್ಲಿ ಇಪ್ಪತ್ತೆಂಟು ವರ್ಷದಿಂದ ಗುಮಾಸ್ತೆ. ಊರಿನ ಈ ತುದಿಯಿಂದ ಆ ತುದಿಗೆ ದಿನವೂ ರೈಲಿನಲ್ಲಿ ಹೋಗಿ ಬಂದು, ಯಾವ ವಿಷಯದಲ್ಲೂ ತಾವಾಗಿ ತೀರ್ಮಾನ ಮಾಡುವ ಅಭ್ಯಾಸವೇ ಅವರಿಗೆ ತಪ್ಪಿಹೋಗಿತ್ತು. ರೈಲು ನಿಂತ ಕಡೆ ಇಳಿಯುವುದು, ಜಯಲಕ್ಷ್ಮಿ ಬಡಿಸಿದ್ದನ್ನು ಉಣ್ಣುವುದು, ಕೃಷ್ಣಾರ್ಪಣ ಎಂದು ಕೈ ತೊಳೆಯುವುದು.

ಕವರಿನ ಮೇಲೆ ಎರಡು ಅಂಚೆಚೀಟಿಗಳಿದ್ದವು. ಒಂದೊಂದರಲ್ಲೂ ದೊರೆಯ ತಲೆ, ಪಕ್ಕದಲ್ಲಿ ಸೊಳ್ಳೆಯಂಥ ಒಂದು ವಿಮಾನ. ಸುತ್ತ ಗುಂಡಗೆ, ಓರೆಯಾಗಿ, ಉದ್ದಕ್ಕೆ ಎಷ್ಟೋ ಮುದ್ರೆಗಳು. ಒಳಗೆ ಮಡಿಸಿದ ಕಾಗದ. ರಾಯರು ಬೆಳಕಿಗೆ ಹಿಡಿದು ಕಣ್ಣು ಕಿರಿದು ಮಾಡಿದರು.

"ಏನೂಂದ್ರೆ, ಓದಬೇಡಿ," ಎಂದು ಜಯಲಕ್ಷ್ಮಿ ಒಳಗಿನಿಂದಲೇ ಹೇಳಿದಳು. ಗಂಡ ಓದುತ್ತಿದ್ದಾನೆಂದು ಅವಳಿಗೆ ಗೋಡೆಯಾಚೆಯಿಂದಲೂ ತಿಳಿಯುತ್ತಿತ್ತು.

"ಓದ್ತಿಲ್ಲ ಕಣೆ. ನೋಡ್ತಿದೀನಿ."

"ಚಿತ್ರ ನೋಡಿ. ಅಕ್ಷರ ಬಂದ ಕಡೆ ಕಣ್ಣು ಮುಚ್ಕೊಳಿ."

ಸರಸ್ವತಿಯನ್ನು ಪೂಜೆಗೆ ಕೂರಿಸಿದ ಮೇಲೆ ವಿಜಯದಶಮಿಯ ಬೆಳಿಗ್ಗೆ ಎಬ್ಬಿಸುವ ತನಕ ಆ ಮನೆಯಲ್ಲಿ ಯಾರೂ ಓದುವಂತಿಲ್ಲ, ಬರೆಯುವಂತಿಲ್ಲ. ಬೇರೆಯವರು ಪುಸ್ತಕ ಇಟ್ಟು ಕೈಮುಗಿದರೆ ಜಯಲಕ್ಷ್ಮಿ ಕಾಗದ ಎನ್ನುವುದನ್ನೆಲ್ಲ ಇಡುತ್ತಿದ್ದಳು. ಗೀತೆಯ ಮೇಲೆ ಮಗಳ ಲೆಕ್ಕದ ಪುಸ್ತಕ, ಅದರ ಮೇಲೆ ರೇಷನ್ ಕಾರ್ಡು, ಹಾಲಿನ ಚೀಟಿ, ಹಳೆಯ ಪತ್ರಿಕೆಗಳ ಕಟ್ಟು, ಗೋಡೆಯಿಂದ ಇಳಿಸಿದ ಕ್ಯಾಲೆಂಡರು, ಟೆಲಿಫೋನ್ ನಂಬರುಗಳ ಡೈರಿ. ಆ ಗುಡ್ಡದ ತುದಿಯಲ್ಲಿ ಗಂಧ ಹಚ್ಚಿಸಿಕೊಂಡು ಒಂದು ಪಿಟೀಲು ಮಲಗಿತ್ತು.

ರಾಯರು ಕವರನ್ನು ತಿರುಗಿಸುವಾಗ 'ಟ್ರಿಪ್ಲಿಕೇನ್' ಎನ್ನುವ ಪದ ಕಣ್ಣಿಗೆ ಬಿದ್ದೇಬಿಟ್ಟಿತು. ಎರಡೂ ಕೆನ್ನೆ ತಟ್ಟಿಕೊಂಡು ಸರಸ್ವತಿಯ ಕ್ಷಮೆ ಕೇಳಿದರು.

ಪಿಟೀಲಿನ ವಿಷಯ ಹೇಳಬೇಕು. ರಾಯರ ಅಣ್ಣ ರಘುರಾಮ ಇದ್ದಷ್ಟು ದಿನ ಆ ಮನೆಯಲ್ಲಿ ದೀಪ ಹಚ್ಚುವ ಹೊತ್ತಿಗೆ ದೇವರನಾಮ ಕೇಳುತ್ತಿತ್ತು. ಅವನು ತೀರಿಹೋಗಿ ಮೂರು ವರ್ಷವಾಯಿತು. ದೀಪ ಹಚ್ಚುವುದೇನೋ ನಿಲ್ಲಲಿಲ್ಲ. ಆದರೆ ಹಚ್ಚಿದ ಮೇಲೆ ಮೂವರೂ ಒಬ್ಬರ ಮುಖ ಒಬ್ಬರು ನೋಡದೆ ಎದ್ದುಹೋಗುತ್ತಿದ್ದರು. ಮಗಳು ತೃಪ್ತಿ ಪಲ್ಲಾವರದ ಅಲಮೇಲು ಟೀಚರ ಹತ್ತಿರ ಪಿಟೀಲು ಕಲಿಯತೊಡಗಿದ ಮೇಲೆ ಮನೆಗೆ ಮತ್ತೆ ದನಿ ಬಂದಿತ್ತು. ಕಳೆದ ತಿಂಗಳು ಒಂದು ಸಂಜೆ ಹುಡುಗಿ ಯಾರೂ ಹೇಳಿಕೊಡದೆ ದೊಡ್ಡಪ್ಪನ ದೇವರನಾಮದ ಮೊದಲ ಸಾಲನ್ನು ತಾನೇ ಹುಡುಕಿ ಹುಡುಕಿ ನುಡಿಸಿದಳು. ರಾಯರು ಬಚ್ಚಲಿಗೆ ಹೋಗಿ ಸುಮ್ಮನೆ ನಲ್ಲಿ ಬಿಟ್ಟುಕೊಂಡು ನಿಂತಿದ್ದರು.

ಆದರೆ ಪಿಟೀಲು ಟೀಚರದು. ವಿಜಯದಶಮಿಗೆ ಹೊಸ ಶಿಷ್ಯೆಯೊಬ್ಬಳು ಸೇರುತ್ತಾಳೆ, ಅವರ ಮನೆಯವರು ಆ ಪಿಟೀಲನ್ನೇ ಮೂರು ಸಾವಿರಕ್ಕೆ ಕೇಳಿದ್ದಾರೆ ಎಂದು ಟೀಚರು ಹೇಳಿ ಕಳಿಸಿದ್ದರು. ತೃಪ್ತಿಯ ಕೈಗೆ ಒಗ್ಗಿದೆ, ಆದ್ದರಿಂದ ಮೊದಲ ಹಕ್ಕು ಅವಳದು. ಹಣ ಇಂತಿಷ್ಟು ದಿನದಲ್ಲಿ ಬರುತ್ತದೆ ಎಂದು ಖಚಿತವಾಗಿ ಹೇಳಿದರೆ ಕಾಯುತ್ತೇನೆ ಎಂದೂ ಸೇರಿಸಿದ್ದರು. ಖಚಿತವಾಗಿ ಹೇಳುವುದು ರಾಯರಿಗೆ ಹುಟ್ಟಿನಿಂದಲೇ ಬಾರದು. ಮೂರು ಸಾವಿರವೂ ಇರಲಿಲ್ಲ.

"ಪರವಾಯಿಲ್ಲೆಪ್ಪಾ," ಎಂದು ತೃಪ್ತಿ ತಮಿಳಿನಲ್ಲೇ ಹೇಳಿದ್ದಳು, ಪಿಟೀಲಿಲ್ಲದಿದ್ದರೆ ಹಾಡುಗಾರಿಕೆ ಕಲಿಯುತ್ತೇನೆ ಎಂದು. ಹಾಗೆ ಹೇಳುವಾಗ ಅವಳು ಪಿಟೀಲಿನ ಪೆಟ್ಟಿಗೆಯನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು.

ಈಗ ದೊರೆಯ ತಲೆ, ವಿಮಾನ. ರಾಯರ ಎದೆಯಲ್ಲಿ ಒಂದು ಸಣ್ಣ ಆಸೆ ಒಗ್ಗರಣೆಯ ಸಾಸಿವೆಯ ಹಾಗೆ ಸಿಡಿಯಿತು.

ಆಸೆಯ ವಾಸನೆ ಪಕ್ಕದ ಮನೆಯ ಗುಣವತಿಯಮ್ಮನಿಗೆ ಹೇಗೆ ಹೋಯಿತೋ ದೇವರಿಗೇ ಗೊತ್ತು. ಗೊಂಬೆ ನೋಡುವ ನೆಪದಲ್ಲಿ ಬಂದವರು ಗೊಂಬೆಗೆ ಬೆನ್ನು ಹಾಕಿ ಕೂತರು. ಅವರ ತಮ್ಮ ಮುಂಬಯಿಯಲ್ಲಿ ಹರಾಜಿನ ಕಂಪನಿಯ ಮೇಲಿನ ಮಹಡಿಯಲ್ಲಿ ಕೆಲಸ ಮಾಡುತ್ತಾನೆ. ಅಮೆರಿಕದಲ್ಲಿ ವಿಮಾನ ತಲೆಕೆಳಗಾಗಿ ಅಚ್ಚಾದ ಚೀಟಿಗೆ ಕೋಟಿ ಬೆಲೆಯಂತೆ. ಗುಣವತಿಯಮ್ಮ ಕವರನ್ನು ಕೈಗೆ ತೆಗೆದುಕೊಂಡು ಪರೀಕ್ಷಿಸಿದರು, ತಿರುಗಿಸಿ ಹಿಡಿದರು, ವಿಮಾನ ತಲೆಕೆಳಗಾಗಿರುವುದನ್ನು ಕಂಡು ತೃಪ್ತರಾದರು.

"ಹರಾಜಿಗೆ ಹಾಕಿ ರಾಯರೇ. ಸುಮ್ಮನೆ ಇಲ್ಲಿ ಕೊಟ್ಟರೆ ಏಮಾಂದು ಹೋಗ್ತೀರಾ," ಎಂದರು, ಮೋಸ ಹೋಗುತ್ತೀರಿ ಎಂಬ ಅರ್ಥದಲ್ಲಿ.

ಅಷ್ಟರಲ್ಲಿ ಮೇಲಿನ ಮನೆಯ ಶಿವರಾಮು ಇಳಿದು ಬಂದ. ಮಂಡ್ಯ ಕಡೆಯವನು, ಪೋರೂರಿನ ಒಂದು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಕೆಲಸ, ಚೆನ್ನೈಗೆ ಬಂದು ಎರಡು ವರ್ಷ. ಅವನು ಕವರನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದು, ಒಂದು ಕಣ್ಣು ಮುಚ್ಚಿ, ಬಹಳ ಹೊತ್ತು ನೋಡಿ, ಒಳಗೆ ಒಂದು ಕಾಗದ ಇದೆಯೆಂದು ತೀರ್ಪು ಕೊಟ್ಟ. ಅದು ಎಲ್ಲರಿಗೂ ಗೊತ್ತಿತ್ತು. ಆದರೂ ಎಕ್ಸ್‌ರೇಯವನ ಬಾಯಿಂದ ಬಂದಾಗ ಅದಕ್ಕೊಂದು ತೂಕ ಬಂತು.

ಶಿವರಾಮುವಿನ ಪ್ರಕಾರ ಹರಾಜು ಹಳೆಯ ಕಾಲದ ಮಾತು. ಈಗ ಎಲ್ಲ ಇಂಟರ್‌ನೆಟ್ಟು. ಚೀಟಿಯ ಫೋಟೋ ಹಾಕಿದರೆ ಲಂಡನ್ನಿನಿಂದ ಜನ ಬೆಲೆ ಕೂಗುತ್ತಾರೆ. ಬೀದಿಯ ಮೂಲೆಯ ಇಂಟರ್‌ನೆಟ್ ಅಂಗಡಿಯ ಕಂಪ್ಯೂಟರುಗಳಿಗೆಲ್ಲ ಇವತ್ತು ಹಾರ ಹಾಕಿ ಮುಚ್ಚಿದ್ದಾರೆ, ನಾಳೆ ತೆರೆದ ತಕ್ಷಣ ಹಾಕಿಬಿಡೋಣ ಎಂದ. ಅದಕ್ಕೆ ಮೊದಲು ಮಾಡಬೇಕಾದ ಕೆಲಸ ಒಂದಿತ್ತು.

"ಸಾರ್, ಕವರ್ ಸಮೇತ ಮಾರುದ್ರೆ ರದ್ದಿ ಪೇಪರ್ ರೇಟು ಕೊಡ್ತರೆ. ಚೀಟಿ ಬುಡಿಸ್ಬೇಕು. ಸ್ಕೂಲಲ್ಲಿದ್ದಾಗ ನಾನು ನೂರಾರು ಬುಡಿಸಿವ್ನಿ. ಒಂದು ಡವರ ಬಿಸ್ನೀರು ಕೊಡಿ ಅಮ್ಮ."

ರಾಯರು ಬೇಡವೆನ್ನಲೂ ಇಲ್ಲ, ಆಗಲಿ ಎನ್ನಲೂ ಇಲ್ಲ. ಅವರು ಹೆಂಡತಿಯ ಮುಖ ನೋಡುವಷ್ಟರಲ್ಲಿ ಡವರ ಬಂದಿತ್ತು. ಒಳಗಿನ ಕಾಗದವನ್ನು ಜಯಲಕ್ಷ್ಮಿ ಕಣ್ಣು ಮುಚ್ಚಿಕೊಂಡೇ ತೆಗೆದು ಸರಸ್ವತಿಯ ಗುಡ್ಡಕ್ಕೆ ಸೇರಿಸಿದಳು. ಶಿವರಾಮು ಆಪರೇಷನ್ ಮಾಡುವ ಡಾಕ್ಟರ ಹಾಗೆ ಉಸಿರು ಹಿಡಿದು ಕವರಿನ ಮೂಲೆಯನ್ನು ನೀರಿಗೆ ಅದ್ದಿದ. ನಿಜಕ್ಕೂ ಅವನ ಕೈ ಒಳ್ಳೆಯದು. ಎರಡು ಚೀಟಿಗಳೂ ಅಂಚಿನ ಒಂದು ಹಲ್ಲೂ ಮುರಿಯದೆ ಬಿಟ್ಟುಕೊಂಡವು. ಅವನ್ನು ಒಗೆದ ಬಟ್ಟೆಯ ಮೇಲೆ ಒಣಗಲು ಹಾಕಿದರು. ಖಾಲಿ ಕವರು ಫ್ಯಾನಿನ ಕೆಳಗೆ, ತಾಳಿ ಕಳೆದುಕೊಂಡವಳ ಹಾಗೆ, ಒಂದು ಮೂಲೆಯಲ್ಲಿ ಕೂತಿತು.

ಹನ್ನೊಂದು ಗಂಟೆಗೆ ಬ್ರಾಹ್ಮಣಾರ್ಥದ ಊಟಕ್ಕೆ ವಿಷ್ಣುತೀರ್ಥಾಚಾರ್ಯರು ಬಂದರು. ಆ ಹೊತ್ತಿಗೆ ಹರಾಜಿನ ಪಕ್ಷಕ್ಕೂ ಇಂಟರ್‌ನೆಟ್ಟಿನ ಪಕ್ಷಕ್ಕೂ ಮಾತು ಬೆಳೆದಿತ್ತು. ಜಯಲಕ್ಷ್ಮಿ ಮೂರನೆಯ ಪಕ್ಷ ಕಟ್ಟಿದ್ದಳು. ಎರಡನೇ ಬೀದಿಯಲ್ಲಿ ಮುದಲಿಯಾರ್ ಎನ್ನುವ ಮುದುಕರು ನಲವತ್ತು ವರ್ಷದಿಂದ ಹಳೆಯ ಅಂಚೆಚೀಟಿ ವ್ಯಾಪಾರ ಮಾಡುತ್ತಾರೆ, ಕಣ್ಣೆದುರಿನ ಮನುಷ್ಯ, ಅವರಿಗೇ ಕೊಟ್ಟು ಕೈತೊಳೆದುಕೊಳ್ಳಿ ಎನ್ನುವುದು ಅವಳ ವಾದ. ರಾಯರು ಮೂವರ ಮಾತಿಗೂ ತಲೆಯಾಡಿಸಿ ಕತ್ತು ನೋಯಿಸಿಕೊಂಡಿದ್ದರು. ಅಜ್ಜನ ವಸ್ತುವನ್ನು ಮಾರುವುದೇ ಸರಿಯಲ್ಲವೇನೋ ಎಂಬ ನಾಲ್ಕನೆಯ ಪಕ್ಷ ಅವರ ಹೊಟ್ಟೆಯೊಳಗೇ ಇತ್ತು.

ಆಚಾರ್ಯರು ಎಲ್ಲವನ್ನೂ ಕೇಳಿ, ಇದರಲ್ಲಿ ಮನುಷ್ಯರ ಮಾತೇಕೆ, ಗುರುರಾಯರ ಮುಂದೆ ಚೀಟಿ ಹಾಕಿ ಕೇಳಿ ಎಂದರು. ಗುರುರಾಯರ ಪಟದ ಮುಂದೆ ಚೀಟಿ ಹಾಕುವುದು ಆ ಮನೆಯಲ್ಲಿ ಹೊಸದಲ್ಲ. ತೃಪ್ತಿಗೆ ಹೆಸರಿಟ್ಟದ್ದೂ ಹಾಗೆಯೇ. ಆದರೆ ಇವತ್ತು ಬರೆಯುವಂತಿಲ್ಲವಲ್ಲ?

ಆಚಾರ್ಯರಿಗೆ ಅದೊಂದು ಕಷ್ಟವೇ ಅಲ್ಲ. ಅಕ್ಷರ ಬೇಡ, ದ್ರವ್ಯ ಸಾಕು. ಒಂದು ಪೊಟ್ಟಣದಲ್ಲಿ ಕುಂಕುಮ, ಬಂದರೆ ಹರಾಜು. ಒಂದರಲ್ಲಿ ಅಕ್ಷತೆ, ಬಂದರೆ ಇಂಟರ್‌ನೆಟ್ಟು. ಒಂದರಲ್ಲಿ ತುಳಸಿ, ಬಂದರೆ ಮುದಲಿಯಾರು. ಒಂದರಲ್ಲಿ ಹೂವು, ಬಂದರೆ ಮಾರುವುದೇ ಬೇಡ.

ಪೊಟ್ಟಣ ಕಟ್ಟಲು ಕಾಗದ ಹುಡುಕಿದರು. ಮನೆಯ ಕಾಗದವೆಲ್ಲ ಸರಸ್ವತಿಯ ಹತ್ತಿರ ಇತ್ತು. ಗುಣವತಿಯಮ್ಮನ ಮನೆಯದೂ ಹಾಗೆಯೇ. ಬಾಳೆಲೆ ಮಡಿಸಿದರೆ ಸೀಳುತ್ತಿತ್ತು. ಎಲ್ಲರ ಕಣ್ಣೂ ಒಟ್ಟಿಗೆ ಮೂಲೆಯ ಖಾಲಿ ಕವರಿನ ಮೇಲೆ ಹೋಯಿತು.

"ಅದರಲ್ಲಿ ಅಕ್ಷರ ಇದೆಯಲ್ಲ ಆಚಾರ್ಯರೇ," ಎಂದು ರಾಯರು ಅಳುಕಿದರು.

ಆಚಾರ್ಯರು ಸ್ವಲ್ಪ ಹೊತ್ತು ಕಣ್ಣು ಮುಚ್ಚಿದರು. "ಇವತ್ತು ಓದಬಾರದು ಅಂತ ಇದೆ. ಹರೀಬಾರದು ಅಂತ ಎಲ್ಲೂ ಹೇಳಿಲ್ಲ," ಎಂದರು.

ಕವರು ನಾಲ್ಕು ಸಮ ಭಾಗವಾಯಿತು. ತೃಪ್ತಿಯನ್ನು ಕರೆದರು. ಅವಳು ಪಟಕ್ಕೆ ಕೈಮುಗಿದು, ಒಂದು ಪೊಟ್ಟಣ ಎತ್ತಿ, ಬಿಚ್ಚದೆ ಅಪ್ಪನ ಕೈಗೆ ಕೊಟ್ಟಳು. ತುಳಸಿ. ಜಯಲಕ್ಷ್ಮಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಡಿಸಲು ಹೋದಳು. ಆ ದಿನ ಅವಳು ಪಾಯಸವನ್ನು ಆಚಾರ್ಯರಿಗೆ ಮೂರು ಸಲ ಬಡಿಸಿದಳು.

ಮುದಲಿಯಾರರ ಟೆಲಿಫೋನ್ ನಂಬರು ಡೈರಿಯಲ್ಲಿತ್ತು, ಡೈರಿ ಸರಸ್ವತಿಯ ಹತ್ತಿರ ಇತ್ತು. ಆದ್ದರಿಂದ ರಾಯರು ಒಂದೂವರೆ ಗಂಟೆಯ ಬಿಸಿಲಲ್ಲಿ, ಹೊಟ್ಟೆಯ ತುಂಬ ಹಬ್ಬದ ಊಟ ಹೊತ್ತುಕೊಂಡು, ತಾವೇ ನಡೆದರು. ಮುದಲಿಯಾರರೂ ಹಬ್ಬದ ಊಟ ಮಾಡಿ ಮಲಗಿದ್ದರು. ನಾಲ್ಕು ಗಂಟೆಗೆ ಮುಂಚೆ ಏಳಿಸಿದರೆ ಬೆಲೆ ಅರ್ಧಕ್ಕೆ ಇಳಿಯುತ್ತದೆ ಎಂದು ಅವರ ಹೆಂಡತಿಯೇ ಎಚ್ಚರಿಸಿದರು. ರಾಯರು ಅವರ ಜಗಲಿಯಲ್ಲಿ ಕಾಯುತ್ತ ಕೂತು ಮನಸ್ಸಿನಲ್ಲೇ ಪಿಟೀಲು ಕೊಂಡರು. ಅದಕ್ಕೊಂದು ಹೊಸ ಪೆಟ್ಟಿಗೆಯನ್ನೂ ಕೊಂಡರು. ಇನ್ನೂ ಹೊತ್ತಿದ್ದುದರಿಂದ ಜಯಲಕ್ಷ್ಮಿಗೆ ಒಂದು ಸೀರೆ ತೆಗೆದರು. ಬಣ್ಣ ಯಾವುದೆಂದು ತೀರ್ಮಾನವಾಗುವ ಮೊದಲೇ ನಾಲ್ಕು ಹೊಡೆಯಿತು.

ದಾರಿಯುದ್ದಕ್ಕೂ ರಾಯರ ಪಿಟೀಲಿನ ಕಥೆ ಕೇಳುತ್ತ ಮುದಲಿಯಾರರು ಅವರ ಮನೆಗೆ ಬಂದು ಕೂತಾಗ ಅಲ್ಲಿ ಮದುಮಗನ ಕಡೆಯವರು ಬಂದಷ್ಟು ಗಂಭೀರ. ಅವರು ಮೊದಲು ಸುಂಡಲು ತಿಂದರು. ಕೈ ತೊಳೆದು ಒರೆಸಿಕೊಂಡರು. ಭೂತಗನ್ನಡಿಯನ್ನು ಪೂಜೆಗೆ ಇಟ್ಟುಬಿಟ್ಟಿದ್ದೇನೆ, ಬರಿಗಣ್ಣೇ ಸಾಕು ಎಂದರು. ಶಿವರಾಮು ಚೀಟಿಗಳನ್ನು ಬಟ್ಟೆಯ ಸಮೇತ ಅವರ ಮುಂದೆ ಹಿಡಿದ. ಮುದುಕರು ಎರಡನ್ನೂ ನೋಡಿದರು. ಮಗುಚಿ ನೋಡಿದರು. ಆಮೇಲೆ ಸುತ್ತ ನಿಂತವರ ಮುಖಗಳನ್ನು ಒಂದೊಂದಾಗಿ ನೋಡಿದರು.

"ಕವರ್ ಎಂಗೆ, ಸಾರ್?" ಎಂದು ಕೇಳಿದರು, ಕವರು ಎಲ್ಲಿ ಎಂದು.

ಗುಣವತಿಯಮ್ಮ ಇದ್ದಕ್ಕಿದ್ದಂತೆ ಗೊಂಬೆಗಳನ್ನು ನೋಡತೊಡಗಿದರು. ಕೊನೆಗೆ ತೃಪ್ತಿ ಪಟದ ಮುಂದಿನಿಂದ ನಾಲ್ಕು ತುಂಡುಗಳನ್ನು ತಂದು ಮೇಜಿನ ಮೇಲೆ ಇಟ್ಟಳು. ಮುದಲಿಯಾರರು ಅವನ್ನು ಬಿಡಿಸಿ, ಅಂಗೈಯಿಂದ ಸವರಿ, ಒಂದಕ್ಕೊಂದು ಕೂಡಿಸಿದರು. ಒಂದು ತುಂಡು ಪೂರ್ತಿ ಕೆಂಪಾಗಿತ್ತು, ಒಂದು ಅಕ್ಷತೆಯ ಅರಿಸಿನದಿಂದ ಹಳದಿ, ಒಂದರಲ್ಲಿ ತುಳಸಿಯ ಕಲೆ. ಅವರು ಬೆರಳಿಟ್ಟು ಓದತೊಡಗಿದಾಗ ಜಯಲಕ್ಷ್ಮಿ ತಡೆಯಲು ಹೋಗಿ ಸುಮ್ಮನಾದಳು.

ಅವರು ತಮಿಳಿನಲ್ಲಿ ನಿಧಾನವಾಗಿ ಹೇಳಿದ್ದು ಇಷ್ಟು. ಇಂಥ ಚೀಟಿ ಮೂಟೆಗಟ್ಟಲೆ ಸಿಗುತ್ತದೆ. ಆದರೆ ಈ ಕವರು ಸಾವಿರದ ಒಂಬೈನೂರ ಮೂವತ್ತೆರಡರ ಅಕ್ಟೋಬರಿನಲ್ಲಿ ಕರಾಚಿಯಿಂದ ಮದರಾಸಿಗೆ ಮೊಟ್ಟಮೊದಲ ವಿಮಾನ ಟಪಾಲು ಬಂತಲ್ಲ, ಅದರಲ್ಲಿ ಹಾರಿ ಬಂದದ್ದು. ಇದೋ ಮುದ್ರೆ, ಇದೋ ತಾರೀಖು. ಬೆಲೆಯೆಲ್ಲ ಈ ಮುದ್ರೆಗಳದು, ಚೀಟಿ ತನ್ನ ಜಾಗದಲ್ಲಿ ಅಂಟಿಕೊಂಡೇ ಇರಬೇಕು. ಬೆಳಿಗ್ಗೆ ಇದ್ದ ಹಾಗೆ ತಂದಿದ್ದರೆ ಎರಡು ಪಿಟೀಲು ಬರುತ್ತಿತ್ತು, ಟೀಚರಿಗೆ ಒಂದು ರೇಷ್ಮೆ ಸೀರೆಯೂ ಬರುತ್ತಿತ್ತು. ಈಗ ಚೀಟಿಗೆ ಹದಿನೈದರಂತೆ ಮೂವತ್ತು ರೂಪಾಯಿ ಕೊಡಬಹುದು, ಅದೂ ಸುಂಡಲು ಚೆನ್ನಾಗಿತ್ತು ಎಂಬ ಕಾರಣಕ್ಕೆ.

ಮೂವತ್ತು ರೂಪಾಯಿ ಬೇಡವೆಂದು ರಾಯರು ಕೈಮುಗಿದರು. ಅದು ಆ ದಿನ ಅವರು ತಾವಾಗಿ ಮಾಡಿದ ಒಂದೇ ತೀರ್ಮಾನ.

ಒಬ್ಬೊಬ್ಬರಾಗಿ ಎಲ್ಲರೂ ಚಪ್ಪಲಿ ಹುಡುಕಿಕೊಂಡು ಹೊರಟರು. ಶಿವರಾಮು ಮಾತ್ರ ಬಾಗಿಲಲ್ಲಿ ನಿಂತ. "ಸಾರ್, ಗೋಂದು ಹಾಕಿ ಅಂಟ್ಸುದ್ರೆ..." ಎಂದು ಶುರು ಮಾಡಿದವನು ಜಯಲಕ್ಷ್ಮಿಯ ಮುಖ ನೋಡಿ ಎರಡೆರಡು ಮೆಟ್ಟಿಲು ಹತ್ತಿ ಹೋದ.

ವಿಜಯದಶಮಿಯ ಬೆಳಿಗ್ಗೆ ಪುನಃಪೂಜೆ ಆಯಿತು. ಪುಸ್ತಕ ತೆಗೆದವರು ನಾಲ್ಕು ಸಾಲಾದರೂ ಓದಬೇಕು. ರಾಯರ ಕೈಗೆ ಮೊದಲು ಬಂದದ್ದು ಅಜ್ಜ ಕರಾಚಿಯಿಂದ ಅಜ್ಜಿಗೆ ಬರೆದ ಕಾಗದ. ಗಟ್ಟಿಯಾಗಿ ಓದಿದರು.

"ಚಿರಂಜೀವಿ ಸೌಭಾಗ್ಯವತಿಗೆ ಅನೇಕ ಆಶೀರ್ವಾದ. ಇತ್ತಲಾಗಿ ಎಲ್ಲ ಕ್ಷೇಮ. ಈ ಕಾಗದ ಆಕಾಶ ಮಾರ್ಗವಾಗಿ ಬರುತ್ತದೆ. ವಿಶೇಷ ಸಮಾಚಾರವೇನೂ ಇಲ್ಲ. ವಿಮಾನದಲ್ಲಿ ಬಂದ ಕಾಗದ ನಮ್ಮ ಬೀದಿಯಲ್ಲಿ ಮೊದಲು ನಿನ್ನ ಕೈಗೇ ಸೇರಲಿ ಎಂದು ಹಾಕಿದ್ದೇನೆ. ನೀನು ತರಹೇಳಿದ್ದ ತಂಬೂರಿಗೆ ಕೂಡಿಸಿದ್ದ ಹಣದಲ್ಲಿ ಸ್ವಲ್ಪ ಇದಕ್ಕೆ ಮುಗಿಯಿತು. ಕೋಪ ಮಾಡಿಕೊಳ್ಳಬೇಡ. ಮುಂದಿನ ವರ್ಷ ಖಂಡಿತ."

ಜಯಲಕ್ಷ್ಮಿ ಗಂಡನನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿದಳು. "ವಂಶದಲ್ಲೇ ಇದೆ," ಎಂದಳು. ನಿನ್ನೆಯಿಂದ ತಡೆದಿಟ್ಟಿದ್ದ ನಗು ಆಗ ಬಂತು. ತೃಪ್ತಿಗೂ ಬಂತು. ರಾಯರು ಬಹಳ ಹೊತ್ತು ಬಿಗಿಯಾಗಿದ್ದು ಕೊನೆಗೆ ತಾವೂ ನಕ್ಕರು, ಕಣ್ಣು ಒರೆಸಿಕೊಂಡರು.

ಒಂಬತ್ತು ಗಂಟೆಗೆ ತಂದೆ ಮಗಳು ಪಿಟೀಲು ಹಿಂದಿರುಗಿಸಲು ಪಲ್ಲಾವರಕ್ಕೆ ಹೋದರು. ಒಂದೇ ಸ್ಟೇಷನ್ನು. ತೃಪ್ತಿ ಪೆಟ್ಟಿಗೆಯನ್ನು ಎದೆಗೆ ಒತ್ತಿಕೊಂಡು ಕಿಟಕಿಯ ಕಡೆ ಮುಖ ಮಾಡಿದ್ದಳು. ರಾಯರು ಏನಾದರೂ ಹೇಳಬೇಕೆಂದುಕೊಂಡರು. ಸ್ಟೇಷನ್ನು ಬಂದುಬಿಟ್ಟಿತು.

ಟೀಚರ ಮನೆಯಲ್ಲಿ ಹೊಸ ಶಿಷ್ಯೆ ಆಗಲೇ ಬಂದಿದ್ದಳು. ರೇಷ್ಮೆ ಲಂಗ, ಎರಡು ಜಡೆ, ಬೆಲ್ಲದ ಚೂರು ಅಂಟಿದ ಬಾಯಿ. ವಯಸ್ಸು ನಾಲ್ಕು. ಅಜ್ಜನ ತೊಡೆಯ ಮೇಲೆ ಕೂತಿದ್ದಳು. 'ನಮ್ಮ ಹುಡುಗಿ ಕಲಿಯುತ್ತಾಳೆ' ಎಂದು ಫೋನಿನಲ್ಲಿ ಹೇಳಿದವರು ಹುಡುಗಿ ಎಷ್ಟು ಉದ್ದ ಎಂದು ಹೇಳಿರಲಿಲ್ಲ, ಟೀಚರೂ ಕೇಳಿರಲಿಲ್ಲ. ತೃಪ್ತಿ ತಂದ ಪಿಟೀಲನ್ನು ಮಗುವಿನ ಭುಜಕ್ಕೆ ಇಟ್ಟು ನೋಡಿದರು. ಪಿಟೀಲು ಮಗುವನ್ನು ಹಿಡಿದುಕೊಂಡ ಹಾಗಿತ್ತು. ಮಗುವಿನ ಕೈ ಅರ್ಧ ದಾರಿಗೆ ನಿಂತು, ಮುಂದಕ್ಕೆ ಹೋಗಲಾರದೆ, ಟೀಚರ ಮೂಗನ್ನು ಹಿಡಿಯಿತು.

ಅಲಮೇಲು ಟೀಚರು ಪಿಟೀಲನ್ನು ತೃಪ್ತಿಯ ಮಡಿಲಿಗೆ 'ಇಂದಾಮ್ಮಾ', ತಗೋ ಎಂದು ವಾಪಸು ಇಟ್ಟರು. ಈ ಮಗುವಿಗೆ ಕಾಲುಭಾಗ ಅಳತೆಯ ಪುಟ್ಟ ಪಿಟೀಲು ಬೇಕು, ಅದನ್ನು ಬೇರೆ ತರಿಸುತ್ತೇನೆ. ಈ ಅಳತೆಗೆ ಬೆಳೆಯಲು ಇನ್ನೂ ಏಳೆಂಟು ವರ್ಷ, ಅಷ್ಟರೊಳಗೆ ನಿಮಗೆ ಆದಾಗ ಕೊಡಿ ಎಂದು ರಾಯರಿಗೆ ಹೇಳಿ, ಮೂಗು ಬಿಡಿಸಿಕೊಂಡರು.

ರಾಯರು ಗೋಡೆಗೆ ಒರಗಿ ಕೂತರು. ಮೊನ್ನೆ ಎಲ್ಲಿದ್ದರೋ ಅಲ್ಲಿಯೇ ಇದ್ದರು. ಪಿಟೀಲು ಮೊನ್ನೆಯ ಹಾಗೆಯೇ ಟೀಚರದು, ಮೂರು ಸಾವಿರ ಮೊನ್ನೆಯ ಹಾಗೆಯೇ ಇಲ್ಲ. ಇದನ್ನು ಉಳಿಸಿಕೊಳ್ಳಲು ಅಜ್ಜನ ವಿಮಾನವನ್ನು ಡವರದಲ್ಲಿ ಅದ್ದಿ ನಾಲ್ಕು ಚೂರು ಮಾಡಿದ್ದೊಂದೇ ಲಾಭ. ಅವರಿಗೆ ಇನ್ನು ಒಳಗೆ ಇಟ್ಟುಕೊಳ್ಳಲಾಗಲಿಲ್ಲ. ನಡೆದದ್ದನ್ನೆಲ್ಲ ಹೇಳಿಬಿಟ್ಟರು. ಟೀಚರು ನಗು ತಡೆಯಲಾರದೆ ಸೆರಗನ್ನು ಬಾಯಿಗೆ ಒತ್ತಿಕೊಂಡರು.

ಮಗುವಿನ ಅಜ್ಜ ಮಾತ್ರ ನಗಲಿಲ್ಲ. ಹತ್ತಿರಕ್ಕೆ ಸರಿದು ತಗ್ಗಿದ ದನಿಯಲ್ಲಿ ಕೇಳಿದರು. ಅವರ ತಂದೆ ರಂಗೂನಿನಿಂದ ಬರೆದ ಕಾಗದಗಳ ಒಂದು ಕಟ್ಟು ಬೀರುವಿನಲ್ಲಿದೆಯಂತೆ, ಎಲ್ಲದರ ಮೇಲೂ ಚೀಟಿ ಇದೆಯಂತೆ. ಅದನ್ನು ಹೇಗೆ ಮಾರುವುದು ಒಳ್ಳೆಯದು?

ಟೀಚರು ತಮಗೆ ಗೊತ್ತಿದ್ದ ಒಬ್ಬ ವ್ಯಾಪಾರಿಯ ಹೆಸರು ಹೇಳಲು ಬಾಯಿ ತೆರೆದರು. ರಾಯರು ಕೈ ಎತ್ತಿ ತಡೆದರು. ಜನ್ಮದಲ್ಲಿ ಯಾರ ಮಾತನ್ನೂ ತಡೆಯದ ಕೈ ಅದು.

"ಅದುಲ ಎನ್ನ ಎಳುದಿರುಕ್ಕಾರ್, ಸಾರ್?" ಎಂದು ಕೇಳಿದರು. ಅದರಲ್ಲಿ ನಿಮ್ಮ ತಂದೆ ಏನು ಬರೆದಿದ್ದಾರೆ?

ಮುದುಕರು ತಲೆ ಕೆರೆದುಕೊಂಡರು. ಅವರು ಒಂದನ್ನೂ ಓದಿರಲಿಲ್ಲ. ಕಣ್ಣು ಸರಿಯಿಲ್ಲ, ಓದಿ ಹೇಳುವವರೂ ಯಾರಿಲ್ಲ ಎಂದರು.

ರಾಯರು ಜೇಬಿನಿಂದ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು. ಮನೆ ಹತ್ತಿರವಿದ್ದರೆ ಕಟ್ಟು ತರಿಸಿ, ಇವತ್ತು ಓದಬಹುದು ಎಂದರು.